ಹೊರದೇಶದ ಫೋನ್ ನಿಮ್ಮ ಊರಿನ ಟವರ್‌ಗೆ ಹೊಂದುತ್ತದೆಯೇ? ಕೊಳ್ಳುವ ಮೊದಲು ನೋಡಬೇಕಾದ ಸಂಖ್ಯೆಗಳು

ಕಳೆದ ಮಳೆಗಾಲದಲ್ಲಿ ಸುಳ್ಯದ ಒಳಭಾಗದ ಒಂದು ಹಳ್ಳಿಯಿಂದ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಎರಡು ಬಸ್ಸು ಬದಲಿಸಿ ಪುತ್ತೂರಿನ ನನ್ನ ಅಂಗಡಿಗೆ ಬಂದರು. ಕೈಚೀಲದಲ್ಲಿ ಎರಡು ಫೋನ್ ಇದ್ದವು. ಒಂದು ಮೂರು ವರ್ಷದ ಹಿಂದೆ ನನ್ನಲ್ಲಿಯೇ ಒಂಬತ್ತು ಸಾವಿರಕ್ಕೆ ಕೊಂಡದ್ದು. ಇನ್ನೊಂದು ಡಲ್ಲಾಸ್‌ನಲ್ಲಿರುವ ಮಗ ರಜೆಗೆ ಬಂದಾಗ ತಂದುಕೊಟ್ಟದ್ದು. ಅಗಲವಾದ ಪರದೆ, ಒಳ್ಳೆಯ ಕ್ಯಾಮೆರಾ, ಪೆಟ್ಟಿಗೆಯ ಮೇಲೆ ದೊಡ್ಡದಾಗಿ 5ಜಿ ಎಂದು ಬರೆದಿತ್ತು.

"ಹೊಸದರಲ್ಲಿ ಮಾತು ಕೇಳುತ್ತದೆ, ಮೊಮ್ಮಗಳ ಮುಖ ಬರುವುದಿಲ್ಲ. ಹಳೆಯದರಲ್ಲಿ ಮುಖವೂ ಬರುತ್ತದೆ. ಇದೇನು ಮಾರಾಯರೇ?" ಎಂದು ಕೇಳಿದರು.

ಸಿಮ್ ಹಾಕಿ ನೋಡಿದೆ. ನನ್ನ ಅಂಗಡಿಯಲ್ಲಿ ಮೇಲ್ಗಡೆ 4ಜಿ ಎಂದು ಬಂತು, ವಿಡಿಯೋ ಚೆನ್ನಾಗಿಯೇ ಓಡಿತು. ಅಜ್ಜಿ ಸಂತೋಷದಿಂದ ಹೋದರು. ಸಂಜೆ ಮನೆ ಮುಟ್ಟಿದ ಮೇಲೆ ಫೋನ್ ಮಾಡಿದರು: "ಇಲ್ಲಿ ಪುನಃ ಇಲ್ಲ." ಮುಂದಿನ ಭಾನುವಾರ ಬೈಕ್ ಹತ್ತಿ ನಾನೇ ಅವರ ಮನೆಗೆ ಹೋದೆ. ಅಂಗಳದಲ್ಲಿ ನಿಂತರೆ ಎದುರಿನ ಗುಡ್ಡದ ಮೇಲೆ ಟವರ್ ಕಾಣುತ್ತದೆ. ಹೊಸ ಫೋನಿನ ಮೂಲೆಯಲ್ಲಿ ಮಾತ್ರ 4ಜಿ ಬದಲು ‘ಇ’ ಅಕ್ಷರ, ಅಂದರೆ 2ಜಿ. ಹಳೆಯ ಫೋನಿಗೆ ನೆಟ್‌ಮಾನ್‌ಸ್ಟರ್ ಎಂಬ ಆ್ಯಪ್ ಹಾಕಿ ನೋಡಿದಾಗ ವಿಷಯ ತಿಳಿಯಿತು. ಆ ಟವರ್ 4ಜಿ ಕೊಡುತ್ತಿದ್ದುದು ಬ್ಯಾಂಡ್ 28 ಎಂಬ ಆವರ್ತನದ ತುಂಡಿನಲ್ಲಿ ಮಾತ್ರ. ಪುತ್ತೂರು ಪೇಟೆಯಲ್ಲಿ ಅದೇ ಕಂಪನಿಯ 4ಜಿ ಬ್ಯಾಂಡ್ 1ರಲ್ಲಿಯೂ ಇದೆ. ಅಮೆರಿಕದ ಫೋನಿನಲ್ಲಿ 1 ಇತ್ತು, 28 ಇರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಹೊರದೇಶದಿಂದ ಫೋನ್ ಬಾರದ ಮನೆ ಕಡಿಮೆ. ದುಬೈ, ಮಸ್ಕತ್, ಕುವೈತ್, ಡಲ್ಲಾಸ್, ಸಿಡ್ನಿ. ಪ್ರೀತಿಯಿಂದ ತಂದುಕೊಟ್ಟ ವಸ್ತು ಹೀಗೆ ಅರ್ಧಂಬರ್ಧ ನಡೆದಾಗ ಆಗುವ ಬೇಸರವನ್ನು ನಾನು ವರ್ಷಗಟ್ಟಲೆ ಗಲ್ಲಾಪೆಟ್ಟಿಗೆಯ ಈಚೆ ಕುಳಿತು ನೋಡಿದ್ದೇನೆ. ಕೊಳ್ಳುವ ಮೊದಲು ಹತ್ತು ನಿಮಿಷ ಕೊಟ್ಟರೆ ಇದನ್ನು ತಪ್ಪಿಸಬಹುದು. ಆ ಹತ್ತು ನಿಮಿಷದಲ್ಲಿ ಏನು ಮಾಡಬೇಕು ಎಂಬುದನ್ನೇ ಬರೆಯುತ್ತಿದ್ದೇನೆ.

700 ಎಂದು ಬರೆದದ್ದೆಲ್ಲ ಒಂದೇ 700 ಅಲ್ಲ

ಫೋನ್ ಮತ್ತು ಟವರ್ ರೇಡಿಯೋ ಅಲೆಗಳಲ್ಲಿ ಮಾತನಾಡುತ್ತವೆ. ಹಳೆಯ ಮೀಡಿಯಂ ವೇವ್ ರೇಡಿಯೋದಲ್ಲಿ ಎಷ್ಟು ತಿರುಗಿಸಿದರೂ ಎಫ್‌ಎಂ ಸಿಗುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಟವರ್ ಯಾವ ಆವರ್ತನದಲ್ಲಿ ಮಾತನಾಡುತ್ತದೆಯೋ ಅದನ್ನು ಕೇಳುವ ಭಾಗ ಫೋನಿನ ಒಳಗೆ ಇರಬೇಕು. ಈ ಆವರ್ತನಗಳನ್ನು ತುಂಡು ತುಂಡಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ಅದೇ ಬ್ಯಾಂಡ್. 5ಜಿಗೆ ಬಂದಾಗ ಸಂಖ್ಯೆಯ ಹಿಂದೆ ‘ಎನ್’ ಅಕ್ಷರ ಸೇರುತ್ತದೆ: ಎನ್28, ಎನ್78.

ಹೆಚ್ಚಿನವರು ತಪ್ಪುವುದು ಮೆಗಾಹರ್ಟ್ಸ್, ಅಂದರೆ ಆವರ್ತನದ ಅಳತೆಯ ಸಂಖ್ಯೆ, ನೋಡಿ. "ನಮ್ಮಲ್ಲಿ 700, ಅಮೆರಿಕದಲ್ಲಿಯೂ 700, ಆಗುತ್ತದೆ" ಎಂದುಕೊಳ್ಳುತ್ತಾರೆ. ಆದರೆ 4ಜಿಯ ಬಹುಪಾಲು ಬ್ಯಾಂಡ್‌ಗಳಲ್ಲಿ ಎರಡು ತುಂಡುಗಳಿರುತ್ತವೆ. ಒಂದರಲ್ಲಿ ಫೋನ್ ಮಾತನಾಡುತ್ತದೆ, ಇನ್ನೊಂದರಲ್ಲಿ ಟವರ್. ಅಮೆರಿಕದ ಬ್ಯಾಂಡ್ 12ರಲ್ಲಿ ಫೋನ್ 699ರಿಂದ 716ರವರೆಗೆ, ಟವರ್ 729ರಿಂದ 746ರವರೆಗೆ. ಅಲ್ಲಿಯದೇ ಬ್ಯಾಂಡ್ 13ರಲ್ಲಿ ಟವರ್ 746ರಿಂದ 756, ಫೋನ್ 777ರಿಂದ 787. ನಮ್ಮ ಬ್ಯಾಂಡ್ 28ರಲ್ಲಿ ಫೋನ್ 703ರಿಂದ 748, ಟವರ್ 758ರಿಂದ 803. ಈ ಮೂರನ್ನೂ ಒಂದು ಕಾಗದದ ಮೇಲೆ ಗೆರೆ ಎಳೆದು ನೋಡಿ. ಬ್ಯಾಂಡ್ 13ರ ಫೋನ್ ಬಾಯಿ ತೆರೆಯುವ ಜಾಗದಲ್ಲಿ ಬ್ಯಾಂಡ್ 28ರ ಟವರ್ ಮಾತನಾಡುತ್ತಿರುತ್ತದೆ. ಮೂರಕ್ಕೂ ಜನ 700 ಎಂದೇ ಹೇಳುತ್ತಾರೆ, ಆದರೆ ಒಂದರ ಬಾಗಿಲು ಇನ್ನೊಂದರ ಗೋಡೆ.

ಹೀಗಾದದ್ದಕ್ಕೆ ಕಾರಣ ಟಿವಿ. ಈ ಜಾಗದಲ್ಲಿ ಮೊದಲು ಟಿವಿ ಪ್ರಸಾರ ಇತ್ತು. ಅಮೆರಿಕ 2009ರ ಜೂನ್ 12ರಂದು ದೊಡ್ಡ ಕೇಂದ್ರಗಳ ಹಳೆಯ ಅನಲಾಗ್ ಪ್ರಸಾರವನ್ನು ನಿಲ್ಲಿಸಿತು. ಅಲ್ಲಿ ಖಾಲಿಯಾದ ಜಾಗವನ್ನು ತನ್ನದೇ ಲೆಕ್ಕದಲ್ಲಿ ತುಂಡು ಮಾಡಿ ಹಂಚಿತ್ತು. ಏಷ್ಯಾ-ಪೆಸಿಫಿಕ್ ದೇಶಗಳು ಬೇರೆ ನಕ್ಷೆ ಬರೆದವು, ಭಾರತ ಆ ನಕ್ಷೆಯನ್ನು ಹಿಡಿಯಿತು. ಸರ್ಕಾರ ಆವರ್ತನಗಳನ್ನು ಮಾರುವ 2016 ಮತ್ತು 2021ರ ಹರಾಜಿನಲ್ಲಿ ಈ 700ಕ್ಕೆ ಕೊಳ್ಳುವವರೇ ಬರಲಿಲ್ಲ. 2022ರಲ್ಲಿ ಜಿಯೋ ಇಡೀ ದೇಶಕ್ಕೆ ಕೊಂಡು 5ಜಿಗೆ ಇಟ್ಟುಕೊಂಡಿತು. ಬಿಎಸ್‌ಎನ್‌ಎಲ್ ತನ್ನ ಪಾಲಿನ 700ರಲ್ಲಿ 4ಜಿ ಕೊಡುತ್ತಿದೆ.

800ರಲ್ಲಿಯೂ ಇದೇ ಬಲೆ. ನಮ್ಮ ಹರಾಜಿನ ಕಾಗದದಲ್ಲಿ 800 ಎಂದಿರುವುದು ಬ್ಯಾಂಡ್ 5, ಫೋನಿನ ವಿವರದಲ್ಲಿ ಇದಕ್ಕೆ 850 ಎಂದು ಬರೆದಿರುತ್ತದೆ. ಯುರೋಪಿನ 800 ಎಂದರೆ ಬ್ಯಾಂಡ್ 20, ಅದು ಇಲ್ಲಿ ಉಪಯೋಗಕ್ಕೆ ಬಾರದು. 2300ರಲ್ಲಿ ನಮ್ಮದು ಬ್ಯಾಂಡ್ 40, ಅಮೆರಿಕದ್ದು ಬ್ಯಾಂಡ್ 30. ಆದ್ದರಿಂದ ನನ್ನ ಮೊದಲ ಸಲಹೆ ಇಷ್ಟು: ಮೆಗಾಹರ್ಟ್ಸ್ ಬಿಟ್ಟುಬಿಡಿ, ಬ್ಯಾಂಡ್ ಸಂಖ್ಯೆಯನ್ನೇ ಹಿಡಿಯಿರಿ.

"ಎಲ್ಲ ಬ್ಯಾಂಡ್ ಹಾಕಿಯೇ ಫೋನ್ ಮಾಡಬಾರದೇ?" ಎಂದು ಅನೇಕರು ಕೇಳುತ್ತಾರೆ. ಫೋನ್ ಬಿಚ್ಚಿ ನೋಡಿದವರಿಗೆ ಉತ್ತರ ಗೊತ್ತು. ಬೋರ್ಡಿನ ಆಂಟೆನಾ ಕಡೆಯ ಮೂಲೆಯಲ್ಲಿ ಎಳ್ಳಿನಷ್ಟು ಚಿಕ್ಕ ಭಾಗಗಳ ಸಾಲು ಇರುತ್ತದೆ. ಅದರಲ್ಲಿ ಬ್ಯಾಂಡುಗಳಿಗೆ ಬೇಕಾದ ಫಿಲ್ಟರ್‌ಗಳು, ಶಕ್ತಿ ಹೆಚ್ಚಿಸುವ ಭಾಗಗಳು ಇರುತ್ತವೆ. ಪ್ರತಿಯೊಂದಕ್ಕೂ ಜಾಗ ಬೇಕು, ಹಣ ಬೇಕು, ಪರೀಕ್ಷೆ ಆಗಬೇಕು. ಬೆಲೆ ಕಡಿಮೆ ಮಾಡಬೇಕಾದ ಕಂಪನಿ ಮಾರುವ ದೇಶಕ್ಕೆ ಬೇಕಾದಷ್ಟನ್ನೇ ಹಾಕುತ್ತದೆ. ದುಬಾರಿ ಫೋನ್‌ಗಳಲ್ಲಿ ಬ್ಯಾಂಡ್ ಹೆಚ್ಚು, ಅಗ್ಗದ ಫೋನ್‌ಗಳಲ್ಲಿ ಕಡಿಮೆ. ಅಜ್ಜಿಯ ಒಂಬತ್ತು ಸಾವಿರದ ಫೋನ್ ಭಾರತಕ್ಕಾಗಿ ಮಾಡಿದ್ದು, ಹಾಗಾಗಿ ಅದರಲ್ಲಿ 28 ಇತ್ತು.

ಇಲ್ಲದ ಬ್ಯಾಂಡನ್ನು ಸಾಫ್ಟ್‌ವೇರ್ ಹಾಕಿ ತೆರೆಯುತ್ತೇವೆ ಎಂದು ಹಣ ಕೇಳುವವರಿದ್ದಾರೆ. ದಯವಿಟ್ಟು ಕೊಡಬೇಡಿ. ಫಿಲ್ಟರ್ ಇಲ್ಲದ ಕಡೆ ಸಾಫ್ಟ್‌ವೇರ್ ಏನೂ ಮಾಡಲಾರದು. ಈ ಕೆಲಸದ ನಡುವೆ ಕೆಲವರು ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐಯನ್ನೂ ಬದಲಿಸಿಬಿಡುತ್ತಾರೆ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅದು ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದಾದ ಅಪರಾಧ.

ಹೆಸರು ಸಾಲದು, ಮಾಡೆಲ್ ಸಂಖ್ಯೆ ಬೇಕು

ಮಗನೋ ಅಳಿಯನೋ "ಐಫೋನ್ 14 ತರುತ್ತೇನೆ" ಎಂದರೆ ನನಗೆ ಏನೂ ತಿಳಿದಂತಾಗುವುದಿಲ್ಲ. ಆ ಒಂದೇ ಹೆಸರಿನಲ್ಲಿ ಐದು ಬೇರೆ ಬೇರೆ ಫೋನ್‌ಗಳಿವೆ. ಅಮೆರಿಕದ್ದು ಎ2649. ಕೆನಡಾ, ಜಪಾನ್, ಸೌದಿ ಅರೇಬಿಯಾಗಳದ್ದು ಎ2881. ಚೀನಾ ಮತ್ತು ಹಾಂಗ್‌ಕಾಂಗ್‌ನದ್ದು ಎ2884. ಭಾರತ, ಯುರೋಪ್ ಸೇರಿ ಬಹುಪಾಲು ದೇಶಗಳದ್ದು ಎ2882. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ. ಮಾಡೆಲ್ ನಂಬರ್ ಎಂಬ ಸಾಲಿನ ಮೇಲೆ ಒಮ್ಮೆ ಬೆರಳಿಟ್ಟರೆ ‘ಎ’ಯಿಂದ ಶುರುವಾಗುವ ಸಂಖ್ಯೆ ಬರುತ್ತದೆ. ಅದೇ ಪುಟದಲ್ಲಿ ಕ್ಯಾರಿಯರ್ ಲಾಕ್ ಎಂಬ ಸಾಲಿದೆ. ಅಲ್ಲಿ ಸಿಮ್‌ಗೆ ನಿರ್ಬಂಧವಿಲ್ಲ ಎಂಬ ಅರ್ಥದ ಮಾತು ಇರಲೇಬೇಕು.

ಸ್ಯಾಮ್‌ಸಂಗ್‌ನಲ್ಲಿ ಕೊನೆಯ ಅಕ್ಷರ ಎಲ್ಲವನ್ನೂ ಹೇಳುತ್ತದೆ. ಗ್ಯಾಲಕ್ಸಿ ಎಸ್23 ಅಲ್ಟ್ರಾವನ್ನು ತೆಗೆದುಕೊಳ್ಳಿ. ಎಸ್‌ಎಂ-ಎಸ್918ಬಿ ಎಂದರೆ ನಮ್ಮಲ್ಲಿಯೂ ಯುರೋಪಿನಲ್ಲಿಯೂ ಸಿಗುವ ಫೋನ್. ಕೊನೆಗೆ ‘ಯು’ ಇದ್ದರೆ ಅಮೆರಿಕದ ಮೊಬೈಲ್ ಕಂಪನಿಯ ಮೂಲಕ ಬಂದದ್ದು, ‘ಯು1’ ಇದ್ದರೆ ಅಮೆರಿಕದಲ್ಲಿ ಲಾಕ್ ಇಲ್ಲದೆ ಮಾರಿದ್ದು, ‘ಎನ್’ ಕೊರಿಯಾದ್ದು, ‘ಡಬ್ಲ್ಯು’ ಕೆನಡಾದ್ದು. ಬೇರೆ ಕಂಪನಿಗಳ ಮಾಡೆಲ್ ಸಂಖ್ಯೆ ಪೆಟ್ಟಿಗೆಯ ಅಂಟುಚೀಟಿಯಲ್ಲಿ, ಇಲ್ಲವೇ ಸೆಟ್ಟಿಂಗ್ಸ್‌ನ ಕೊನೆಯಲ್ಲಿರುವ ಅಬೌಟ್ ಫೋನ್‌ನಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ನಿಂತಿರುವ ಮಗನಿಗೆ "ಪೆಟ್ಟಿಗೆಯ ಹಿಂಭಾಗದ ಚೀಟಿಯ ಫೋಟೋ ಕಳಿಸು" ಎಂದರೆ ಸಾಕು.

ಆ ಸಂಖ್ಯೆಯನ್ನು ಮೊದಲು ತಯಾರಕರ ಜಾಲತಾಣದಲ್ಲಿ ಹುಡುಕಿ. ಆ್ಯಪಲ್ ಪ್ರತಿ ಮಾಡೆಲ್‌ನ ಬ್ಯಾಂಡ್‌ಗಳನ್ನು ಬಿಡಿಬಿಡಿಯಾಗಿ ಹಾಕಿದೆ. ಆಂಡ್ರಾಯ್ಡ್ ಫೋನ್‌ಗಳಿಗೆ ಜಿಎಸ್‌ಎಂ ಅರೇನಾ ಎಂಬ ಜಾಲತಾಣ ನೋಡಬಹುದು. ಆದರೆ ಅಲ್ಲಿ ಮೊದಲು ಕಾಣುವ ಪಟ್ಟಿ ನಿಮ್ಮ ಮಾಡೆಲ್‌ನದ್ದೇ ಎಂದು ನಂಬಬೇಡಿ, ಒಂದೇ ಫೋನಿಗೆ ಎರಡು ಮೂರು ಪಟ್ಟಿಗಳಿರುತ್ತವೆ.

ಈಗಾಗಲೇ ಬಳಸಿದ ಫೋನ್ ಆದರೆ ಇನ್ನೊಂದು ಕೆಲಸ ಮಾಡಿ. *#06# ಒತ್ತಿದರೆ 15 ಅಂಕಿಯ ಐಎಂಇಐ ಬರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು ಆ 15 ಅಂಕಿಗಳನ್ನು ಹಾಕಿ 14422ಕ್ಕೆ ಸಂದೇಶ ಕಳಿಸಿ. ಇಲ್ಲಿ ಕಳುವಾದದ್ದೆಂದು ತಡೆಹಿಡಿದ ಫೋನ್ ಆಗಿದ್ದರೆ ಗೊತ್ತಾಗುತ್ತದೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿಯೂ ಇದನ್ನು ನೋಡಬಹುದು.

ನನ್ನ ಗೋಡೆಯ ಚೀಟಿ

ಅಂಗಡಿಯ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇನೆ. ಬಂದವರು ಅದರ ಫೋಟೋ ತೆಗೆದು ಮಕ್ಕಳಿಗೆ ಕಳಿಸುತ್ತಾರೆ. ಅದರಲ್ಲಿ ಇರುವುದು ಇದು:

ಜಿಯೋ: 4ಜಿಗೆ 3, 5, 40. 5ಜಿಗೆ ಎನ್28, ಎನ್78.
ಏರ್‌ಟೆಲ್: 4ಜಿಗೆ 1, 3, 8, 40. 5ಜಿಗೆ ಮುಖ್ಯವಾಗಿ ಎನ್78.
ವಿಐ: 4ಜಿಗೆ 1, 3, 8, 41.
ಬಿಎಸ್‌ಎನ್‌ಎಲ್: 4ಜಿಗೆ 28, 1.

ಪ್ರತಿ ಊರಿನಲ್ಲಿ ಇವೆಲ್ಲವೂ ಇರುವುದಿಲ್ಲ, ಒಂದು ಟವರ್‌ನಲ್ಲಿ ಒಂದೆರಡು ಮಾತ್ರ ಇರಬಹುದು. ಹಾಗಾಗಿ ಪಟ್ಟಿಯಲ್ಲಿ ಎಷ್ಟು ಹೊಂದಿತು ಎಂದು ಎಣಿಸುವುದಕ್ಕಿಂತ ಯಾವುದು ಹೊಂದಿತು ಎಂದು ನೋಡಬೇಕು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ಮನೆಗಳು ಗುಡ್ಡದ ಮಡಿಲಲ್ಲಿ, ಅಡಿಕೆ ತೋಟದ ನಡುವೆ, ಮುರಕಲ್ಲಿನ ದಪ್ಪ ಗೋಡೆಯ ಒಳಗೆ ಇವೆ. 700 ಮೆಗಾಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್. 2300ರದ್ದು 13 ಸೆಂಟಿಮೀಟರ್. 5ಜಿಯ 3300ರದ್ದು ಬರೀ 9. ಉದ್ದದ ಅಲೆ ದೂರ ಹೋಗುತ್ತದೆ, ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಿ ಈಚೆ ಬರುತ್ತದೆ, ಗೋಡೆ ದಾಟಿ ಅಡುಗೆಮನೆ ಮುಟ್ಟುತ್ತದೆ. ಗಿಡ್ಡ ಅಲೆಯಲ್ಲಿ ವೇಗ ಹೆಚ್ಚು ಸಿಗುತ್ತದೆ, ಆದರೆ ಒದ್ದೆ ತೋಟವನ್ನೂ ಗೋಡೆಯನ್ನೂ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ಬೆಂಗಳೂರಿನ ಜಯನಗರದಲ್ಲಿ ಇರುವವರಿಗೆ 3 ಮತ್ತು 40 ಇದ್ದರೆ ದಿನ ಸರಾಗವಾಗಿ ಕಳೆಯಬಹುದು. ಸುಳ್ಯ, ತೀರ್ಥಹಳ್ಳಿ, ಶಿರಸಿ ಕಡೆಯವರಿಗೆ ಮೊದಲು ನೋಡಬೇಕಾದವು ಉದ್ದ ಅಲೆಯ 5, 8 ಮತ್ತು 28. ನಿಮ್ಮ ಸಿಮ್ ಯಾವುದೋ ಅದರ ತಗ್ಗಿನ, ಅಂದರೆ ಉದ್ದ ಅಲೆಯ, ಬ್ಯಾಂಡ್ ಫೋನಿನಲ್ಲಿ ಇಲ್ಲ ಎಂದಾದರೆ, ಉಳಿದದ್ದೆಲ್ಲ ಇದ್ದರೂ ಆ ಫೋನ್ ಬೇಡ ಎಂದೇ ನಾನು ಹೇಳುತ್ತೇನೆ.

ಇನ್ನೊಂದು ಸೂಕ್ಷ್ಮ ಇದೆ. ಬ್ಯಾಂಡ್ 28 ಮತ್ತು ಎನ್28 ಒಂದೇ ಜಾಗದ ಎರಡು ಹೆಸರುಗಳಾದರೂ, ಪಟ್ಟಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹುಡುಕಬೇಕು. 4ಜಿಗೆ 28 ಇದ್ದ ಮಾತ್ರಕ್ಕೆ 5ಜಿಗೆ ಅದು ಇರುತ್ತದೆ ಎಂದಿಲ್ಲ. ಬ್ಯಾಂಡ್ ಇದ್ದರೂ ಸಾಫ್ಟ್‌ವೇರ್ ಒಪ್ಪಿಗೆ ಕೊಡಬೇಕಾದ ಸಂದರ್ಭವೂ ಉಂಟು. ನಮ್ಮಲ್ಲಿ 2022ರ ಅಕ್ಟೋಬರ್ 1ರಂದು 5ಜಿ ಶುರುವಾದಾಗ, 5ಜಿಯ ಐಫೋನ್ ಕೈಯಲ್ಲಿ ಇದ್ದವರಿಗೂ ಅದು ಸಿಗಲಿಲ್ಲ. ಡಿಸೆಂಬರ್‌ನಲ್ಲಿ ಐಒಎಸ್ 16.2 ಬಂದ ಮೇಲೆ ತೆರೆಯಿತು. ಹಾಗಾಗಿ ಹೊಸ ಫೋನ್ ಬಂದ ದಿನವೇ ವೈ-ಫೈಗೆ ಹಾಕಿ ಪೂರ್ತಿ ಅಪ್‌ಡೇಟ್ ಮಾಡಿಸಿ.

ರೇಂಜ್ ಇದೆ, ಮಾತು ಇಲ್ಲ

ಬ್ಯಾಂಡ್ ಹೊಂದಿದ ಮೇಲೆಯೂ ಒಂದು ತೊಡಕು ಉಳಿಯುತ್ತದೆ. ಹಿಂದೆ ಡೇಟಾ 4ಜಿಯಲ್ಲಿ, ಮಾತು 2ಜಿ ಅಥವಾ 3ಜಿಯಲ್ಲಿ ಹೋಗುತ್ತಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಬಂದ ಜಿಯೋಗೆ 2ಜಿ, 3ಜಿಗಳೇ ಇಲ್ಲ. ಅದರಲ್ಲಿ ಮಾತೂ 4ಜಿಯ ಮೇಲೆಯೇ ಹೋಗಬೇಕು. ಇದನ್ನು ವೋಲ್ಟಿ ಎನ್ನುತ್ತಾರೆ. ಫೋನಿನಲ್ಲಿ ವೋಲ್ಟಿ ಇಲ್ಲದಿದ್ದರೆ, ಅಥವಾ ಇದ್ದರೂ ಆ ಕಂಪನಿಗೆ ಬೇಕಾದ ಹೊಂದಾಣಿಕೆ ಅದರ ಸಾಫ್ಟ್‌ವೇರ್‌ನಲ್ಲಿ ಇಲ್ಲದಿದ್ದರೆ, ಇಂಟರ್ನೆಟ್ ನಡೆಯುತ್ತದೆ ಆದರೆ ಕರೆ ಹೋಗುವುದಿಲ್ಲ. ಇದನ್ನು ಕಾಗದದ ಮೇಲೆ ಪತ್ತೆ ಮಾಡುವುದು ಕಷ್ಟ. ಸಿಮ್ ಹಾಕಿ, ಯಾರಿಗಾದರೂ ಕರೆ ಮಾಡಿ, ಮಾತನಾಡುತ್ತಿರುವಾಗ ಮೇಲೆ 4ಜಿ ಗುರುತು ಉಳಿದಿದೆಯೇ ನೋಡಿ. ಉಳಿದಿದ್ದರೆ ವೋಲ್ಟಿ ಇದೆ.

ಹೊರದೇಶಕ್ಕೆ ಹೋಗುವವರಿಗೆ ಇದು ಇನ್ನೂ ಮುಖ್ಯ. ಅಮೆರಿಕದ ಮೂರು ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಮುಚ್ಚಿದವು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ ಕೊನೆಗೆ 3ಜಿ ನಿಂತಿತು. ಅಲ್ಲಿಯ ತುರ್ತು ಸಂಖ್ಯೆ 000ಕ್ಕೆ 4ಜಿಯ ಮೇಲೆ ಕರೆ ಮಾಡಲಾಗದ ಫೋನ್‌ಗಳನ್ನು ಜಾಲದಿಂದ ಹೊರಗಿಡಬೇಕೆಂದು ನಿಯಮವೇ ಇದೆ. ಸಿಡ್ನಿಯ ಮಗಳ ಮನೆಗೆ ಹೆರಿಗೆಗೆಂದು ಹೊರಡುವ ತಾಯಂದಿರು ಹಳೆಯ ಫೋನನ್ನೇ ಒಯ್ಯುತ್ತಾರೆ. ಹೊರಡುವ ಮೊದಲೇ ಅದರ ಐಎಂಇಐಯನ್ನು ಮಗಳಿಗೆ ಕಳಿಸಿ, ಅಲ್ಲಿಯ ಕಂಪನಿಯ ತಾಣದಲ್ಲಿ ನೋಡಿಸಿಕೊಳ್ಳುವುದು ಒಳ್ಳೆಯದು.

ಲಾಕ್ ಮತ್ತು ಸಿಮ್‌ನ ಜಾಗ

ಅಮೆರಿಕದಲ್ಲಿ ಕಂತಿನ ಮೇಲೆ, ಮೊಬೈಲ್ ಕಂಪನಿಯ ಮೂಲಕ ಕೊಂಡ ಫೋನ್ ಆ ಕಂಪನಿಯ ಸಿಮ್‌ಗೆ ಬೀಗ ಹಾಕಿಕೊಂಡಿರಬಹುದು. ಕಂತು ತೀರಿ, ಆ ಕಂಪನಿಯೇ ಬೀಗ ತೆಗೆದ ಮೇಲೆ ಮಾತ್ರ ವಿಮಾನ ಹತ್ತಿಸಬೇಕು. ಇಲ್ಲಿಗೆ ಬಂದ ಮೇಲೆ ತೆಗೆಸುತ್ತೇನೆ ಎಂದು ಹೇಳಿ ಹೋದವರ ಫೋನ್‌ಗಳು ನನ್ನ ಕಪಾಟಿನಲ್ಲಿ ತಿಂಗಳುಗಟ್ಟಲೆ ಕುಳಿತಿವೆ. ಜಪಾನಿನಲ್ಲಿ 2021ರ ಅಕ್ಟೋಬರ್‌ನಿಂದ ಹೊಸ ಫೋನ್‌ಗಳಿಗೆ ಬೀಗ ಹಾಕುವುದನ್ನು ನಿಲ್ಲಿಸಲಾಗಿದೆ, ಅದಕ್ಕಿಂತ ಹಳೆಯದಾದರೆ ಕೇಳಿಕೊಳ್ಳಿ.

ಐಫೋನ್ 14ರಿಂದ ಈಚೆಗೆ ಅಮೆರಿಕದ ಐಫೋನ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನ ಒಳಗೇ ಕೂತಿರುವ ಇ-ಸಿಮ್ ಮಾತ್ರ. ಐಫೋನ್ 17ರಿಂದ ದುಬೈ, ಸೌದಿ, ಕತಾರ್, ಒಮಾನ್, ಕುವೈತ್, ಬಹರೈನ್‌ಗಳಲ್ಲಿ ಮಾರುವವೂ ಹಾಗೆಯೇ. ಕೊಲ್ಲಿಯಿಂದ ಬಂದ ಫೋನ್ ಎಂದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು ಎಂಬ ಕಾಲ ಮುಗಿಯಿತು. ಜಿಯೋ, ಏರ್‌ಟೆಲ್, ವಿಐ ಇ-ಸಿಮ್ ಕೊಡುತ್ತವೆ. ಆದರೆ ಫೋನ್ ಕೆಟ್ಟ ದಿನ ಸಿಮ್ ತೆಗೆದು ಪಕ್ಕದ ಮನೆಯವರ ಫೋನಿಗೆ ಹಾಕುವ ಅನುಕೂಲ ಇರುವುದಿಲ್ಲ. ಒಂಟಿಯಾಗಿರುವ ಹಿರಿಯರಿಗೆ ಇಂತಹ ಫೋನ್ ಕೊಡುವ ಮೊದಲು ಇದನ್ನು ಯೋಚಿಸಿ.

ಇಲ್ಲಿಂದ ಅಲ್ಲಿಗೆ

ಎಂ.ಎಸ್. ಓದಲು ಅಮೆರಿಕಕ್ಕೆ ಹೊರಡುವ ಮಕ್ಕಳು ಜುಲೈ ತಿಂಗಳಲ್ಲಿ ಅಂಗಡಿಗೆ ಬರುತ್ತಾರೆ, ಜೊತೆಗೆ ಅಪ್ಪ ಅಮ್ಮ. ಅವರಿಗೆ ನಾನು ಹೇಳುವುದು ಹೀಗೆ. ಟಿ-ಮೊಬೈಲ್‌ಗೆ 2, 4, 12, 66, 71 ಮತ್ತು 5ಜಿಗೆ ಎನ್41, ಎನ್71 ನೋಡಿ. ವೆರೈಝನ್‌ಗೆ 13 ಅತಿ ಮುಖ್ಯ, ಜೊತೆಗೆ 2, 4, 5, 66 ಮತ್ತು ಎನ್77. ಎಟಿ ಆ್ಯಂಡ್ ಟಿಗೆ 2, 4, 12, 17, 66 ಮತ್ತು ಎನ್5, ಎನ್77. ಆದರೆ ಎಟಿ ಆ್ಯಂಡ್ ಟಿ ತಾನು ಒಪ್ಪಿದ ಫೋನ್‌ಗಳ ಪಟ್ಟಿ ಇಟ್ಟುಕೊಂಡಿದೆ. ಆ ಪಟ್ಟಿಯಲ್ಲಿ ಇಲ್ಲದ ಫೋನ್‌ನಲ್ಲಿ ಬ್ಯಾಂಡ್ ಎಲ್ಲ ಹೊಂದಿದರೂ ಪ್ರಯೋಜನವಿಲ್ಲ. ಭಾರತದಲ್ಲಿ ಮಾರುವ ಅನೇಕ ಫೋನ್‌ಗಳಲ್ಲಿ 71 ಇರುವುದಿಲ್ಲ, ಮಧ್ಯಮ ಬೆಲೆಯವುಗಳಲ್ಲಿ 12, 13 ಕೂಡ ಇರುವುದಿಲ್ಲ. ಹಾಗಾಗಿ ಹೊಸದಾಗಿ ದುಬಾರಿ ಫೋನ್ ಇಲ್ಲಿಂದ ಕೊಂಡು ಹೋಗುವುದು ಬೇಡ. ಇರುವ ಫೋನ್ ಒಯ್ದು, ಒಂದು ತಿಂಗಳು ಸಾಗಿಸಿ, ಅಲ್ಲಿಯೇ ಕೊಳ್ಳಲಿ. ಇದರಿಂದ ನನಗೆ ಒಂದು ವ್ಯಾಪಾರ ತಪ್ಪುತ್ತದೆ, ಆದರೆ ಮಗು ಹೊಸ ಊರಿನಲ್ಲಿ ರಾತ್ರಿ ಹೊತ್ತು ರೇಂಜ್ ಇಲ್ಲದೆ ನಿಲ್ಲಬಾರದು.

ಯುರೋಪಿಗೆ 3, 7, 20, 28 ಮತ್ತು ಎನ್78. ನಮ್ಮ ಮಾರುಕಟ್ಟೆಗಾಗಿಯೇ ಮಾಡಿದ ಅಗ್ಗದ ಫೋನ್‌ಗಳಲ್ಲಿ 7 ಮತ್ತು 20 ಕಾಣದಿರುವುದು ಸಾಮಾನ್ಯ. ಪೇಟೆಯಲ್ಲಿ 3ರ ಮೇಲೆ ನಡೆಯುತ್ತದೆ, ಹಳ್ಳಿಗಾಡಿಗೆ ಹೋದರೆ 20 ಬೇಕಾಗುತ್ತದೆ. ದುಬೈಗೆ 3, 20, ಎನ್78 ಇದ್ದರೆ ಚಿಂತೆಯಿಲ್ಲ.

ಜಪಾನಿನಲ್ಲಿ ಬೆಟ್ಟದ ಊರುಗಳ ಕೆಲಸ ಮಾಡುವುದು 800ರ ಸುತ್ತಿನ ಬ್ಯಾಂಡ್‌ಗಳು: ಡೊಕೊಮೊ ಕಂಪನಿಗೆ 19, ಎಯು ಕಂಪನಿಗೆ 18 ಮತ್ತು 26. ಸಾಫ್ಟ್‌ಬ್ಯಾಂಕ್‌ಗೆ 8. ಟೋಕಿಯೋ ನಗರದೊಳಗೆ 1 ಮತ್ತು 3 ಬಹುತೇಕ ಸಾಕು. ಸಾಫ್ಟ್‌ಬ್ಯಾಂಕ್‌ನ 8 ನಮ್ಮ ಫೋನ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತದೆ ಎಂಬುದು ನೆನಪಿನಲ್ಲಿರಲಿ.

ಕೈಗೆ ಬಂದ ಮೇಲೆ

ಫೋನ್ ಬಂದ ಮೇಲೆ ಅಂಗಡಿಯಲ್ಲಿ ಪರೀಕ್ಷೆ ಮಾಡಿ ನಿಲ್ಲಿಸಬೇಡಿ. ಅಜ್ಜಿಯ ವಿಷಯದಲ್ಲಿ ನಾನು ಮಾಡಿದ ತಪ್ಪು ಅದೇ. ಮನೆಗೆ ಒಯ್ದು, ಯಾವ ಕೋಣೆಯಲ್ಲಿ ರೇಂಜ್ ಅತ್ಯಂತ ಕಡಿಮೆಯೋ ಅಲ್ಲಿ ನಿಂತು ನೋಡಿ. ಆಂಡ್ರಾಯ್ಡ್‌ನಲ್ಲಿ ನೆಟ್‌ಮಾನ್‌ಸ್ಟರ್ ತೆರೆದರೆ ಈ ಕ್ಷಣ ಯಾವ ಬ್ಯಾಂಡ್ ಹಿಡಿದಿದೆ ಎಂದು ತೋರಿಸುತ್ತದೆ. ಸ್ಯಾಮ್‌ಸಂಗ್‌ನ ಅನೇಕ ಫೋನ್‌ಗಳಲ್ಲಿ *#0011# ಒತ್ತಿದರೂ ಆಗುತ್ತದೆ. ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಗುಂಡಿ ಅಮುಕಿ. ಮನೆಯಲ್ಲಿ ಚೆನ್ನಾಗಿ ನಡೆಯುವ ಇನ್ನೊಂದು ಫೋನ್ ಇದ್ದರೆ ಅದರಲ್ಲಿಯೂ ಇದೇ ಕೆಲಸ ಮಾಡಿ, ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆಯಿರಿ. ಹೊರದೇಶದಿಂದ ಇನ್ನೂ ಫೋನ್ ಬಂದಿಲ್ಲದಿದ್ದರೂ ಈಗಿನ ಫೋನಿನಲ್ಲಿ ಇದನ್ನು ನೋಡಿಡಬಹುದು. ನಿಮ್ಮ ಅಡುಗೆಮನೆಗೆ ಯಾವ ಬ್ಯಾಂಡ್ ಬರುತ್ತದೆ ಎಂದು ಗೊತ್ತಿದ್ದರೆ ಯಾವ ಫೋನ್ ಕೊಳ್ಳಬೇಕು ಎಂಬುದು ಅರ್ಧ ತೀರ್ಮಾನವಾದಂತೆ.

ಹೊಂದದ ಫೋನ್ ಬಂದೇಬಿಟ್ಟಿದ್ದರೆ ಎರಡು ದಾರಿ ಇವೆ. ಆ ಫೋನಿನಲ್ಲಿ ಇರುವ ಬ್ಯಾಂಡ್ ನಿಮ್ಮ ಊರಿನಲ್ಲಿ ಬೇರೆ ಕಂಪನಿಯದ್ದಾಗಿದ್ದರೆ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಬಹುದು. ಇಂಗ್ಲಿಷ್‌ನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಸಂದೇಶ ಕಳಿಸಿದರೆ ಕೋಡ್ ಬರುತ್ತದೆ. ಬದಲಿಸುವ ಮೊದಲು ಆ ಕಂಪನಿಯ ಸಿಮ್ ಇರುವ ನೆಂಟರೊಬ್ಬರನ್ನು ಮನೆಗೆ ಕರೆದು ಒಂದು ದಿನ ಪರೀಕ್ಷಿಸಿ. ಮನೆಯಲ್ಲಿ ಫೈಬರ್ ಸಂಪರ್ಕ ಇದ್ದರೆ ಇನ್ನೊಂದು ದಾರಿ, ವೈ-ಫೈ ಮೂಲಕ ಕರೆ. ಜಿಯೋ, ಏರ್‌ಟೆಲ್‌ಗಳಲ್ಲಿ ಈ ಸೌಲಭ್ಯ ಇದೆ, ಫೋನ್ ಅದನ್ನು ಒಪ್ಪಬೇಕು.

ಅಜ್ಜಿಯ ಮನೆಯಲ್ಲಿ ಈ ಎರಡೂ ಆಗುವಂತಿರಲಿಲ್ಲ. ಆ ಗುಡ್ಡಕ್ಕೆ ಒಂದೇ ಟವರ್, ಫೈಬರ್ ಇನ್ನೂ ಬಂದಿಲ್ಲ. ಅಂದು ನಾನು ಸಿಮ್ ತೆಗೆದು ಹಳೆಯ ಫೋನಿಗೇ ಹಾಕಿದೆ, ಅದರ ಹಾಟ್‌ಸ್ಪಾಟ್ ಆನ್ ಮಾಡಿ ಹೊಸ ಫೋನನ್ನು ಅದಕ್ಕೆ ಜೋಡಿಸಿದೆ. ಹಳೆಯದು ಬ್ಯಾಂಡ್ 28ರಿಂದ ತಂದುಕೊಟ್ಟದ್ದನ್ನು ಹೊಸದು ವೈ-ಫೈ ಎಂದು ತೆಗೆದುಕೊಂಡಿತು. ಹಾಟ್‌ಸ್ಪಾಟ್ ಬ್ಯಾಟರಿ ತಿನ್ನುತ್ತದೆ, ಬೆಳಿಗ್ಗೆ ಸಂಜೆ ಚಾರ್ಜ್‌ಗೆ ಹಾಕಬೇಕು ಎಂದು ಎರಡು ಸಲ ಹೇಳಿದೆ. ಅಜ್ಜಿ ಹಳೆಯ ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಹೊಸದನ್ನು ಎರಡೂ ಕೈಯಲ್ಲಿ ಹಿಡಿದು ಹಟ್ಟಿಗೆ ಹೋದರು. ಹಿಂದಿನ ವಾರ ಹುಟ್ಟಿದ ಕರುವನ್ನು ಮೊಮ್ಮಗಳಿಗೆ ತೋರಿಸಿದರು. ಡಲ್ಲಾಸ್‌ನಲ್ಲಿ ಆಗ ಬೆಳಗಿನ ಜಾವ.

ಮೊನ್ನೆ ಅದೇ ಮಗ ತನ್ನ ಮಾವನವರಿಗೆ ಫೋನ್ ಕೊಳ್ಳಲೆಂದು ಅಂಗಡಿಯಲ್ಲಿ ನಿಂತು ನನಗೆ ಒಂದು ಫೋಟೋ ಕಳಿಸಿದರು, ಪೆಟ್ಟಿಗೆಯ ಹಿಂದಿನ ಚೀಟಿಯದ್ದು. ಮಾಡೆಲ್ ಸಂಖ್ಯೆ ಹಾಕಿ ನೋಡಿದೆ. 3, 5, 8, 28, 40, ಎನ್28, ಎನ್78, ಎಲ್ಲವೂ ಇದ್ದವು, ಸಿಮ್ ಹಾಕುವ ಜಾಗವೂ ಇತ್ತು. "ಲಾಕ್ ಇಲ್ಲ ಎಂದು ಬಿಲ್‌ನಲ್ಲಿ ಬರೆಸಿಕೊಂಡು ತನ್ನಿ" ಎಂದು ಉತ್ತರ ಬರೆದೆ.